ಗುಲಾಬಿ ಟಿಕೆಟ್ಟು

ಮೂರು ತಿಂಗಳಿಗೊಮ್ಮೆ ನನ್ನ ವಾರದ ರಜೆ
ದಾರಿ ತಪ್ಪಿ ಬಂದು ಭಾನುವಾರದ ಮೇಲೆ ಕೂರುತ್ತದೆ.
ಈ ಸಲ ಕೂತದ್ದು ಮಾರ್ಚಿನಲ್ಲಿ.
ಕಣ್ಣು ಬಿಟ್ಟರೆ ಹೊದಿಕೆಯ ಮೇಲೆ ಇಬ್ಬರೂ ಹತ್ತಿ
"ರೈಟ್ ರೈಟ್" ಎಂದು ನನ್ನನ್ನೇ ಹೊರಡಿಸುತ್ತಿದ್ದರು.

ಮತ್ತಿಕೆರೆಯ ನಮ್ಮ ಬೀದಿಯ ಹೊಂಗೆ
ಮೊನ್ನೆ ಮೊನ್ನೆ ಬೋಳಾಗಿ, ಕೇಬಲ್ಲು ತಂತಿಗಳನ್ನೆಲ್ಲ
ನಾಚಿಕೆಯಿಲ್ಲದೆ ತೋರಿಸಿಕೊಂಡು ನಿಂತಿತ್ತು.
ಯಾವ ಪಾಳಿಯಲ್ಲಿ ನಾನಿದ್ದಾಗ ಚಿಗುರಿತೋ!
ಈಗಷ್ಟೇ ಎಣ್ಣೆ ಹಚ್ಚಿಸಿಕೊಂಡ ಮಗುವಿನ ಹಾಗೆ
ಒಂದೊಂದು ಎಲೆಯೂ ಮಿರಮಿರ.
"ನಿಮಗೆ ಬಸ್ಸಿನ ನಂಬರು ಬಿಟ್ಟು ಬೇರೇನು ಕಂಡೀತು"
ಎಂದಳು ರತ್ನಮಾಲ, ಡಬ್ಬಿಗೆ ಚಿತ್ರಾನ್ನ ಒತ್ತುತ್ತಾ.

ಬಸ್ಸಿನಲ್ಲಿ ಗುರುತಿಲ್ಲದ ಕಂಡಕ್ಟರು, ಹೊಸ ಹುಡುಗ.
ಅವಳಿಗೊಂದು, ಮಂದಾರಳಿಗೊಂದು ಗುಲಾಬಿ ಟಿಕೆಟ್ಟು, ಕಾಸಿಲ್ಲ.
ಮನ್ವಿತನಿಗೆ ಹೋದ ತಿಂಗಳು ಆರು ತುಂಬಿತು:
ಅರ್ಧ ಟಿಕೆಟ್ಟು, ಬಿಳಿಯದು.
"ನಂಗ್ಯಾಕೆ ಗುಲಾಬಿ ಇಲ್ಲ?"
ಸರ್ಕಾರದ ಆದೇಶವನ್ನು ಆರು ವರ್ಷದವನಿಗೆ ವಿವರಿಸುವುದು
ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಐನೂರಕ್ಕೆ ಚಿಲ್ಲರೆ ಹುಡುಕಿದಂತೆ.
ಅಲ್ಲಾಡುವ ಮುಂದಿನ ಹಲ್ಲನ್ನು ನಾಲಿಗೆಯಿಂದ ತಳ್ಳುತ್ತಾ
ಕಬ್ಬನ್ ಪಾರ್ಕಿನ ತನಕ ಕಿಟಕಿಗೆ ಮುಖ ಕೊಟ್ಟು ಕೂತ.

ಇಳಿದರೆ,
ಯಾರೋ ಇಡೀ ರಾತ್ರಿ ಡ್ಯೂಟಿ ಮಾಡಿ
ರೋಲಿನ ಮೇಲೆ ರೋಲು ಹರಿದು ಚೆಲ್ಲಿದ್ದಾರೆ!
ಫುಟ್‌ಪಾತು ಗುಲಾಬಿ, ನಿಂತ ಕಾರಿನ ನೆತ್ತಿ ಗುಲಾಬಿ,
ಕಡಲೆಕಾಯಿ ಗಾಡಿಯ ತಾಡಪಾಲು, ಮಲಗಿದ ನಾಯಿಯ ಬೆನ್ನು.
ಟಬೆಬುಯಾ ಎಂದಿತ್ತು ಕಾಂಡದ ಹಲಗೆ.
"ಕನ್ನಡದಲ್ಲೇನು?" ಎಂದಳು ಮಂದಾರ.
ಎಲ್ಲಿಂದಲೋ ಬಂದದ್ದು, ಇಲ್ಲೇ ಬೇರು ಬಿಟ್ಟಿದೆ,
ಹೆಸರು ಮಾತ್ರ ಊರಿನದೇ, ನಮ್ಮ ವಠಾರದ ಅರ್ಧ ಜನರ ಹಾಗೆ.
"ಟಿಕೆಟ್ ಮರ" ಎಂದ ಮನ್ವಿತ, ಜೇಬು ತುಂಬುತ್ತಾ.

ಆಮೇಲೆ ಎದುರಾದವರಿಗೆಲ್ಲ ಹಂಚಿದ.
ವಾಕಿಂಗಿನ ಮುದುಕರಿಗೆ, ಬಲೂನಿನವನಿಗೆ,
ಸ್ಕೇಟು ಕಟ್ಟಿಕೊಂಡು ಬೀಳುತ್ತಿದ್ದ ಹುಡುಗಿಗೆ ಎರಡು.
"ಯಾವ ಸ್ಟಾಪು?" ಎಂದು ಕೇಳಿಯೇ ಕೊಟ್ಟ.
ಕಸ ಗುಡಿಸುತ್ತಿದ್ದಾಕೆ "ತವರುಮನೆ" ಎಂದಳು.
ಅಲ್ಲಿಗೂ ಕೊಟ್ಟ.

ಪುಟಾಣಿ ರೈಲಿಗೆ ಉದ್ದನೆಯ ಸಾಲು.
ಹದಿನೇಳು ವರ್ಷ ಟಿಕೆಟ್ ಹರಿದ ಕೈ
ಕಿಂಡಿಯೊಳಗೆ ಚಾಚಿದಾಗ "ಚಿಲ್ಲರೆ ಕೊಡ್ರೀ" ಎಂದಿತು ಒಳಗಿನ ದನಿ.
ನನ್ನದೇ ದನಿ.

ಬಿದಿರ ಮೆಳೆಯ ತಿರುವಿನಲ್ಲಿ
ಮಾವಿನಕಾಯಿ ಹೋಳು ಕಚ್ಚಿದ ಮನ್ವಿತ ತಟಕ್ಕನೆ ಸುಮ್ಮನಾದ.
ಉಪ್ಪುಖಾರದ ನಡುವೆ ಹಲ್ಲು.
ಅಳಬೇಕೋ ನಗಬೇಕೋ ಎಂದು ಅಮ್ಮನ ಮುಖ ನೋಡಿದ.

ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯಬೇಕು.
ಮೂರನೇ ಮಹಡಿಯ ಬಾಡಿಗೆಮನೆಗೆ
ಎಲ್ಲಿಯ ಹೆಂಚು, ಎಲ್ಲಿಯ ಸಗಣಿ?
ರತ್ನಮಾಲ ನಲ್ಲಿಯಡಿಯ ಕೆಸರು ಮೆತ್ತಿದಳು,
ಮೇಲೊಂದು ಗುಲಾಬಿ ಹೂ ಸುತ್ತಿದಳು,
ಮಾಲಿಗಳ ಹಳೆ ಕೊಠಡಿಯ ಸೂರಿಗೆ ಗುರಿಯಿಟ್ಟಳು.
ಜಾರಿತು. ಇನ್ನೊಮ್ಮೆ. ಜಾರಿತು.

ಸೀಟಿ ಊದುತ್ತ ಓಡಿಬಂದ ಕಾವಲಿನಾತ,
ವಿಷಯ ಕೇಳಿದ, ಸೀಟಿ ಇಳಿಸಿದ.
"ಅಲ್ಲಲ್ಲ ತಾಯಿ, ಮುರಿದ ಹೆಂಚಿನ ಸಂದಿಗೆ ಹಾಕಿ.
ನಮ್ಮ ಮೊಮ್ಮಗಳದು ಜಾರಿ
ಒಂಬತ್ತು ತಿಂಗಳು ಹುಟ್ಟಲೇ ಇಲ್ಲ."
ಅವನೇ ಎಸೆದ. ನಿಂತಿತು.
ಸಾಲಿನಲ್ಲಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು,
ಯಾತಕ್ಕೆಂದು ಗೊತ್ತಿಲ್ಲದೆ.

ಸೋಮವಾರ ಐದೂ ಇಪ್ಪತ್ತಕ್ಕೆ ಡಿಪೊ.
ಚಿಲ್ಲರೆಗೆಂದು ಚೀಲಕ್ಕೆ ಕೈ ಹಾಕಿದರೆ
ಬಾಡಿದ ಹೂ ಆರೇಳು, ನಾಣ್ಯಕ್ಕೆ ಅಂಟಿಕೊಂಡು.
ತೆಗೆದು ಎಸೆಯಲಿಲ್ಲ.
ಹೊಂಗೆ ಹೂ ಬಿಡುವುದು ಯಾವ ವಾರವೆಂದು
ಮಂದಾರಳನ್ನು ಕೇಳಿಕೊಂಡು
ರಜೆ ಚೀಟಿ ಬರೆದುಕೊಡಬೇಕು.