ಮೂರು ಬೆರಳ ಸುಣ್ಣ

ಕಂಬ ಎಷ್ಟು ದಪ್ಪ ಐತೋ ಗೆರಿನೂ ಅಷ್ಟಽ ಅಗಲ ಇರಬೇಕು.
ಆರು ಬೆರಳು.
ಹಿಂದಿನ ಮಾಲಿ ಜುಜೆ ಇದನ್ನ ಕಲಿಸಿದ,
ಬೀಡಿ ಆರಿಸಿ ಕಿವಿಗಿ ಸಿಗಿಸಿದ, ಮುಂದಿನ ವಾರ ಸತ್ತ.
ಹದಿನೇಳು ವರ್ಷಾತು,
ವಾಸ್ಕೋದ ಈ ಕೆಂಪು ಮಣ್ಣಿನ ಮ್ಯಾಲೆ
ಬಿಳೇ ಗೆರಿ ಎಳಿಯೋದಽ ನನ್ನ ಹೊಟ್ಟಿಪಾಡು.

ಶೇಟ್‌ನ ಬಾರ್ಜು ಜುವಾರಿಯೊಳಗ
ಅದಿರು ಹೊತ್ತು ಓಡ್ಯಾಡೋ ತನಕ
ಸಡಾ ಸೇಲರ್ಸ್ ಅಂದ್ರ ಒಂದು ಮರ್ಯಾದಿ ಇತ್ತು.
ಗೆದ್ದ ರಾತ್ರಿ ಹಂದಿ ಸುಡತಿದ್ರು,
ನನಗಂತ ಬ್ಯಾರೆ ಬೋಗುಣ್ಯಾಗ ಬ್ಯಾಳಿ ಕುದಸತಿದ್ರು.
ಗಣಿ ಮುಚ್ಚಿತು. ಬಾರ್ಜು ದಂಡಿಗಿ ನಿಂತು ತುಕ್ಕು ತಿಂದ್ವು.
ಶೇಟ್ ಮೊದಲ ಮ್ಯಾಚಿಗಿ ಬರೋದು ಬಿಟ್ಟ,
ಆಮ್ಯಾಲೆ ಫೋನ್ ಎತ್ತೋದು ಬಿಟ್ಟ.
ಹುಡುಗರ ಎದಿ ಮ್ಯಾಲೆ ಮಾತ್ರ ಅವನ ಕಂಪನಿ ಹೆಸರು ಉಳೀತು.
ಜರ್ಸಿ ಒಗಿಯಾಂವನೂ ನಾನಽ;
ಒಗದಂಗ ಒಗದಂಗ ಒಂದೊಂದು ಅಕ್ಷರ
ಬಕೀಟಿನ್ಯಾಗ ಬಿಡತಿದ್ವು.

ದೀಪಾವಳಿಗಿ ಬಸ್ಸು ಮಾರಿದ್ರು.
ಮಾಪ್ಸಾಕ್ಕ ಸ್ಕೂಟರಿನ ಮ್ಯಾಲೆ ಹೋಗಿ
ಹೊತ್ತಿಗಿ ಮುಟ್ಟಿದವರು ಒಂಬತ್ತು ಮಂದಿ.
ಐದು ಸೊನ್ನೆ.
ನಾತಾಳದಾಗ ಪಗಾರ ನಿಂತಿತು. ಕರೆಂಟೂ ಹೋತು.
ಲಾಗೋಸಿನ ಇಕೆನ್ನಾ, ಗೋಲು ಹೊಡಿಯೋ ಒಬ್ಬನಽ ಒಬ್ಬ,
ಕ್ಲಬ್ಬಿನ ಖೋಲ್ಯಾಗ ಮೇಣಬತ್ತಿ ಹಚ್ಚಿ
ನಮ್ಮ ಮನಿ ಜ್ವಾಳದ ರೊಟ್ಟಿ ಮುರಿದು ತಿಂದು
ಇದರ ಹೆಸರೇನು ಅಂತ ಕೇಳಿ ಬರಕೊಂಡ.
ಫೆಬ್ರುವರಿಗಿ ಅವನೂ ಇಲ್ಲ.
ಬೂಟು ಬಿಟ್ಟು ಹೋಗಿದ್ದ.
ಬೈನಾದ ಮೌಲಾಲಿ, ಬಂದರದಾಗ ಚೀಲ ಹೊರಾವನ ಮಗ,
ಎರಡು ನಂಬರ್ ದೊಡ್ಡವು ಆ ಬೂಟು,
ತುದಿಗಿ ಅರಿವಿ ತುರುಕಿ ಹಾಕ್ಕೊಂಡ.
ನಾಕು ಮ್ಯಾಚಿನ್ಯಾಗ ಮೂರು ಗೋಲು ಹೊಡದ, ಹುಚ್ಚ!
ಕಡೀ ಮ್ಯಾಚು ಸಮ ಆದ್ರ ಸಾಕು
ಅನ್ನೋ ತನಕ ಎಳಕೊಂಡು ಬಂದ ನಮ್ಮನ್ನ.

ಹಿಂದಿನ ದಿನ ಅಂಗಡಿಗಿ ಹೋದ್ಯಾ.
ಹಳೇ ಬಾಕಿ ಕೊಡು, ಆಮ್ಯಾಲೆ ಸುಣ್ಣ, ಅಂದ.
ಮನ್ಯಾಗ ಅರ್ಧ ಚೀಲ ಇತ್ತು.
ಅರ್ಧ ಚೀಲದಾಗ ಇಡೀ ಮೈದಾನ:
ಸೈಡ್ ಗೆರಿ ತೆಳ್ಳಗ, ನಡುವಿನ ವರ್ತುಲ ಮತ್ತೂ ತೆಳ್ಳಗ,
ಗೋಲಿನ ಮುಂದ ಬರೋ ಹೊತ್ತಿಗಿ
ಗಾಡಿ ತಳಾ ಕೆರೀತಿತ್ತು.
ಮೈದಾನದ ಕಡಿ ಮೂರು ಬೆರಳು ಬಿಳಿ.
ಜಾಳಗಿ ಕಡಿ ಮೂರು ಬೆರಳು ಬರೇ ಮಣ್ಣು.
ಯಾರು ನೋಡ್ತಾರ, ಅಂದ್ಯಾ.

ಎಂಬತ್ತಾರನೇ ಮಿನಿಟು. ಒಂದು ಒಂದು.
ಚೆಂಡು ಮ್ಯಾಲಿನ ಕಂಬಕ್ಕ ಬಡದು ಕೆಳಗ ಬಿತ್ತು.
ಕಾಯ್ತಾನ್, ಬರಫದ ಫ್ಯಾಕ್ಟರ್ಯಾಗ ರಾತ್ರಿಪಾಳಿ ಮುಗಿಸಿ
ನಿದ್ದಿಗೆಟ್ಟ ಕಣ್ಣಾಗಽ ಹಾರಿ
ಅದನ್ನ ಎದಿಗಿ ಅವಚಿಕೊಂಡು ಬಿದ್ದ.
ಲೈನ್ಸ್‌ಮನ್ ಬಗ್ಗಿ ನೋಡಿದ.
ಬಿಳಿ ಈಚೆ, ಚೆಂಡು ಆಚೆ.
ಬಾವುಟ ಹಿಡಕೊಂಡು ನಡುವಿನ ಕಡೆ ಓಡಿದ.
ಗೆರಿ ಮ್ಯಾಲಿತ್ತು, ಗೆರಿ ಮ್ಯಾಲಿತ್ತು,
ಕಾಯ್ತಾನ್ ಕೊಂಕಣ್ಯಾಗ ಒದರಿದ, ಮಣ್ಣು ಬಡದ.
ಇತ್ತು.
ನಾ ಎಳೀಬೇಕಾಗಿದ್ದ ಗೆರಿ ಮ್ಯಾಲಿತ್ತು.

ರೊಕ್ಕ ಇಲ್ಲದ್ದಕ್ಕ ಕೆಳಗಿಳಿದ್ರು ಅಂತ ಪೇಪರಿನ್ಯಾಗ ಬಂತು.
ಖರೇನಽ.
ಎಷ್ಟು ರೊಕ್ಕ ಅಂತ ಬರದಿದ್ದಿಲ್ಲ.
ನೂರಾ ನಲವತ್ತು ರೂಪಾಯಿ, ಒಂದು ಚೀಲ.
ನನ್ನ ಕಿಸೇದಾಗ ಅವತ್ತು ಇನ್ನೂರಿತ್ತು.

ಈಗ ಕೆಳಗಿನ ಡಿವಿಜನ್. ನೋಡಾಕ ನಲವತ್ತು ಮಂದಿ,
ಅದರಾಗ ನಾಯಿ ಎಷ್ಟೋ.
ಸುಣ್ಣ ನನ್ನ ಸ್ವಂತದ್ದು.
ಮೊದಲನೇ ಮ್ಯಾಚಿಗಿ ಕಾಯ್ತಾನ್ ಲಗೂನ ಬಂದ,
ಗೋಲಿನ ಬಾಯಾಗ ಕುಕ್ಕರಗಾಲಿಲೆ ಕುಂತು
ಗೆರಿ ಮ್ಯಾಲೆ ಬೆರಳಿಟ್ಟ. ನಾಕು. ಆಮ್ಯಾಲೆ ಎರಡು.
ಮತ್ತ ಮೊದಲಿಂದ ಎಣಿಸಿದ.
ನನ್ನ ಕಡೆ ನೋಡಲಿಲ್ಲ.
ಕೈಗಿ ಹತ್ತಿದ ಸುಣ್ಣ ಚಡ್ಡಿಗಿ ಒರಸಿ
ಕೈಗವಸು ಏರಿಸಿದ.