ಬೇವಾರಸಿ ಮಾಲು

ರಿಜಿಸ್ಟರಿನಲ್ಲಿ ಹೀಗೆ ಬರೆದೆ:
ಬೂದು ಬಣ್ಣದ್ದು, ಅಂಗೈಯಗಲ, ಆಟದ ಡಬ್ಬಿ ಒಂದು.
ಸಿಕ್ಕಿದ್ದು ವಾಡಿ ಜಂಕ್ಷನ್, ಮೂರನೇ ಪ್ಲಾಟ್‌ಫಾರ್ಮ್,
ನೀರಿನ ನಳದ ಪಕ್ಕದ ಬೆಂಚು.
ತಂದುಕೊಟ್ಟವರು ಸೈಬಣ್ಣ, ಪಾಯಿಂಟ್ಸ್‌ಮನ್.
ಸ್ಥಿತಿ:
ಅಲ್ಲಿ ಪೆನ್ನು ನಿಂತಿತು. ಚಾಲೂ ಇದೆಯೋ ಇಲ್ಲವೋ
ನೋಡದೆ ಬರೆಯುವುದು ಹೇಗೆ?

ನೋಡಿದ್ದೇ ತಪ್ಪಾಯಿತು.

ಚೀಟಿ ಅರ್ಧ ಕಿತ್ತುಹೋಗಿ ಆಟಕ್ಕೆ ಹೆಸರಿಲ್ಲ.
ಒಳಗೆ ಕಡಲೆಕಾಳಿನಷ್ಟು ಒಬ್ಬ, ತಲೆಗೆ ಟೊಪಗಿ;
ಟೊಪಗ್ಯಾ ಅಂತ ನಾವೇ ಇಟ್ಟೆವು.
ಅವನ ಮುಂದೆ ಪೆಟ್ಟಿಗೆಗಳು, ಮೆಟ್ಟಿಲು, ಹಳ್ಳ, ಒಂದು ಬಾಗಿಲು.
ಹಾರಬಲ್ಲ, ಒಂದು ಪೆಟ್ಟಿಗೆಯ ಎತ್ತರ.
ನೂಕಬಲ್ಲ. ಎಳೆಯಲಾರ.
ಗೋಡೆಗೆ ಅಂಟಿದ ಪೆಟ್ಟಿಗೆ ಅಂಟಿದ್ದೇ,
ಮಾತಾಡಿ ಕೆಡಿಸಿಕೊಂಡ ನೆಂಟಸ್ತನದ ಹಾಗೆ.
ಆದರೆ ಒಂದು ಗುಂಡಿಯಿದೆ: ಒತ್ತಿದರೆ
ಎಲ್ಲವೂ ಮೊದಲಿದ್ದಲ್ಲಿಗೆ ಬಂದು ನಿಲ್ಲುತ್ತವೆ,
ಯಾರೂ ಏನೂ ಅನ್ನುವುದಿಲ್ಲ.
ಅದಕ್ಕೇ ಇರಬೇಕು ನನಗೆ ಬಿಡಲಾಗಲಿಲ್ಲ.

ರಾತ್ರಿ ಪಾಳಿ. ಪರದೆಗೆ ತನ್ನದೇ ಬೆಳಕಿಲ್ಲ,
ಟ್ಯೂಬ್‌ಲೈಟಿನ ಕೆಳಗೆ ಕುತ್ತಿಗೆ ವಾರೆ ಮಾಡಿ
ಸೂಜಿಗೆ ದಾರ ಪೋಣಿಸುವವಳಂತೆ ಕೂರಬೇಕು.
ಸಿಮೆಂಟಿನ ಧೂಳು ಗುಂಡಿಯ ಸಂದಿಗೂ ಇಳಿದು
ಹಾರು ಎಂದರೆ ಎರಡರಲ್ಲಿ ಒಂದು ಸಲ ಹಾರುತ್ತಾನೆ.

ಸುದ್ದಿ ಹಬ್ಬಲು ವಾಡಿಯಲ್ಲಿ ಎಷ್ಟು ಹೊತ್ತು?
ಚಹಾದ ಖಾಸಿಂ ಪಟೇಲ ಇಣುಕಿ ನೋಡಿ,
"ಇದೇನ್ರಿ ಅಕ್ಕೋರ, ಹಾಡಿಲ್ಲ, ಹೊಡದಾಟಿಲ್ಲ, ಬರೇ ಹಮಾಲಿ ಕೆಲಸ!"
ಹಮಾಲ ಬಂಡೆಪ್ಪನಿಗೆ ಹಿಡಿಸಿದ್ದೇ ಅದು:
"ನೂಕೋದಕ್ಕೂ ಬುದ್ಧಿ ಬೇಕಂತ
ಯಾರೋ ಒಬ್ಬಾಂವ ತಿಳ್ಕೊಂಡಾನ ನೋಡ್ರಿ."
ಕ್ಯಾಂಟೀನಿನ ಜಗದೇವಿ ಹನ್ನೆರಡು ಮನೆ ದಾಟಿ
ಹದಿಮೂರರಲ್ಲಿ ಡಬ್ಬಿಗೆ ಬೈದು, ಟೊಪಗ್ಯಾನ ವಂಶಕ್ಕೆ ಬೈದು,
ಸೆರಗಿನಲ್ಲಿ ಒರೆಸಿ ಮತ್ತೆ ಕೈಗೆ ತಗೊಂಡಳು.

ಪುಸ್ತಕದಂಗಡಿಯ ಹುಡುಗ ರದ್ದಿಯೊಳಗಿಂದ
ಹಳೇ ಪತ್ರಿಕೆಯೊಂದನ್ನು ಎಳೆದು ತಂದ.
ಅದೇ ಟೊಪಗಿ, ಅಂಚೆಚೀಟಿಯಷ್ಟು ಚಿತ್ರ,
ಕೆಳಗೆ ನಾಲ್ಕು ಸಾಲಿನ ತೀರ್ಪು. ಓದಿ ಅರ್ಥ ಹೇಳಿದ:
ಹೊಸದೇನಿಲ್ಲ. ಕಣ್ಣಿಗೆ ಸಪ್ಪೆ.
ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಹತ್ತಕ್ಕೆ ಐದು.
ಎಲ್ಲರೂ ಸುಮ್ಮನಾದೆವು.
ಅವತ್ತು ನಮಗೆ ಹತ್ತೊಂಬತ್ತನೇ ದಿನ, ಮೂವತ್ತೊಂದನೇ ಮನೆ,
ಮೂರು ಪೆಟ್ಟಿಗೆ, ಒಂದೇ ಓಣಿ.
"ಬರದಾಂವಗ ಗಾಡಿ ಹಿಡಿಯೋದಿತ್ತೇನೋ," ಅಂದ ಬಂಡೆಪ್ಪ.

ಸೈಬಣ್ಣ ಅಲ್ಲಿತನಕ ಮುಟ್ಟಿರಲಿಲ್ಲ.
ಕೈದೀಪ ಕೆಳಗಿಟ್ಟು, ಅಂಗೈ ಒರೆಸಿಕೊಂಡು ಇಸಿದುಕೊಂಡ.
ಗುಂಡಿ ಒತ್ತಲಿಲ್ಲ. ಬಹಳ ಹೊತ್ತು ನೋಡಿದ,
ಯಾರ್ಡಿನಲ್ಲಿ ವ್ಯಾಗನ್ ಸಾಲು ನೋಡುವಂತೆ:
ಯಾವುದು ಸೋಲಾಪುರಕ್ಕೆ, ಯಾವುದು ಸಿಕಂದರಾಬಾದಿಗೆ,
ಯಾವುದು ಇಲ್ಲೇ ತುಕ್ಕು ಹಿಡಿಯಲಿಕ್ಕೆ.
"ಅಕ್ಕೋರ, ಇದು ಶಂಟಿಂಗ್ ಅದ.
ಮುಂದಿಂದು ಮುಂದ ಹೋಗಬೇಕಂದ್ರ
ಹಿಂದಿಂದಕ್ಕ ಮದಲ ಜಾಗಾ ಮಾಡಬೇಕು."
ಬಾಗಿಲಿಗೆ ಬೆನ್ನು ಮಾಡಿಸಿ ನಡೆಸಿದ ಟೊಪಗ್ಯಾನನ್ನು.
ಒಂದು ಪೆಟ್ಟಿಗೆಯನ್ನು ಹಳ್ಳಕ್ಕೆ ಕೆಡವಿದ. ಅಯ್ಯೋ ಎಂದೆವು.
ಕೆಡವಿದ್ದರ ಮೇಲೇ ಕಾಲಿಟ್ಟು ದಾಟಿಸಿದ.
ಬಾಗಿಲು ತೆರೆದರೆ ಡಬ್ಬಿ ಎರಡು ಸ್ವರ ಹಾಡುತ್ತದೆ;
ಅದನ್ನು ಮುಂಬೈ ಗಾಡಿ ಬಂದು ನುಂಗಿತು.

ಇವತ್ತಿಗೆ ಅವಧಿ ಮುಗಿಯಿತು. ಯಾರೂ ಕೇಳಿಕೊಂಡು ಬರಲಿಲ್ಲ.
ಮಧ್ಯಾಹ್ನದ ಗಾಡಿಗೆ, ಸೋಲಾಪುರದ ಗೋದಾಮಿಗೆ.
ಹೊಸ ಪೆನ್ಸಿಲ್ ಸೆಲ್ಲು ಹಾಕಿದ್ದೇನೆ, ನನ್ನ ದುಡ್ಡಿನವು, ರಶೀದಿಯಿಲ್ಲ.
ನಲವತ್ತನೆಯದು, ಕಡೆಯದು, ಹಾಗೇ ಉಳಿಯಿತು.
ಸೈಬಣ್ಣನ ಬೆರಳು ಎರಡು ಸಲ ಹೋಗಿ ಹಿಂದಕ್ಕೆ ಬಂತು:
"ಮಾಲು ಅವರದು. ಆಖರಿ ಮನಿ ಅವರೇ ತೆರೀಲಿ."

ಸ್ಥಿತಿ ಎಂಬಲ್ಲಿ ಬರೆದೆ: ಚಾಲೂ.
ಷರಾ ಎಂಬಲ್ಲಿ, ಬರೆಯಬಾರದ್ದು, ಬರೆದೆ:
ಒಂದು ಬಾಗಿಲು ಬಾಕಿ.
ಹತ್ತಕ್ಕೆ ಎಷ್ಟು ಎಂದು ಆ ಫಾರಮು ಕೇಳುವುದಿಲ್ಲ.