ರಿಜೆಕ್ಷನ್ ಲೆಕ್ಕ

ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ
ದಿನಕ್ಕೊಂದು ಪಟ್ಟಿ ನನ್ನ ಟೇಬಲ್ಲಿಗೆ ಬರುತ್ತದೆ:
ಎರಕ ಹೊಯ್ದದ್ದು ಎಷ್ಟು,
ಒಡೆದು ಮತ್ತೆ ಕುಲುಮೆಗೆ ಹಾಕಿದ್ದು ಎಷ್ಟು.
ಇಪ್ಪತ್ತಾರು ವರ್ಷ ಈ ಎರಡು ಅಂಕಿಗಳ ನಡುವೆಯೇ
ನನ್ನ ಕನ್ನಡಕದ ನಂಬರು ಏರಿತು.

ಪದ್ಮಜಾ ಚೌಗಲಾ ಎಂಡಿಯಾಗಿ ಬಂದಾಗ
ನೂರರಲ್ಲಿ ಹನ್ನೊಂದು ಪಂಪಿನ ಕವಚ ತಿರುಗಿ ಬರುತ್ತಿದ್ದವು,
ಮೇಲೆ ನುಣ್ಣಗೆ, ಒಳಗೆ ಗಾಳಿ ಸಿಕ್ಕಿಬಿದ್ದ ತೂತು.
ಮೊದಲ ದಿನ ಅವರು ಕ್ಯಾಬಿನ್ನಿಗೆ ಹೋಗಲಿಲ್ಲ.
ಸೆರಗು ಸಿಕ್ಕಿಸಿ ಉಸುಕಿನ ರಾಶಿಯ ಮುಂದೆ ಕೂತು
ಒಂದು ಹಿಡಿ ಎತ್ತಿ, ಹಿಚುಕಿ, ಮುರಿದು, ಮೂಸಿ,
ಮೋಲ್ಡರ್ ದುಂಡಪ್ಪನನ್ನು ಕೇಳಿದರು:
"ಇದಕ ಉಸಿರಾಡಾಕ ಜಾಗಾ ಎಲ್ಲಿ ಬಿಟ್ಟೀರಿ?"

ಮೂವತ್ತು ವರ್ಷದಲ್ಲಿ ಮೊದಲ ಸಲ
ತನಗೆ ಗೊತ್ತಿದ್ದದ್ದನ್ನು ದುಂಡಪ್ಪ ಬಾಯಿಬಿಟ್ಟು ಹೇಳಿದ.
ಹೇಳುತ್ತ ಹೇಳುತ್ತ ಊಟದ ಗಂಟೆ ಮುಗಿಯಿತು.

ಗೇಟಿನ ಚಹಾದಂಗಡಿಯಲ್ಲಿ ಬೇರೆ ಲೆಕ್ಕ ನಡೆದಿತ್ತು.
ಟಿಳಕವಾಡಿ, ಎರಡನೇ ಮಹಡಿ,
ಗಣಿತ ಕಲಿಸುವ ರೋಹಿಣಿ ಮುತಗೇಕರ,
ಬಾಲ್ಕನಿಯ ತಂತಿಯ ಮೇಲೆ ಇಬ್ಬರ ಸೀರೆ,
ಹದಿನಾಲ್ಕು ವರ್ಷದಿಂದ ಒಂದೇ ಸ್ಕೂಟರ್.
"ಅಕ್ಕತಂಗೇರಿರಬೇಕು" ಅಂದವನೊಬ್ಬ.
ಅವನಿಗೂ ಗೊತ್ತಿತ್ತು.

ಮೂರನೇ ವರ್ಷ ರಿಜೆಕ್ಷನ್ ನಾಲ್ಕಕ್ಕೆ ಇಳಿಯಿತು.
ಪುಣೆಯಿಂದ ಬಂದ ಸಲಹೆಗಾರ
ಪರದೆಯ ಮೇಲೆ ಬಣ್ಣದ ಕಂಬ ನಿಲ್ಲಿಸಿದ:
ಇಂಥವರು ಮೇಲಿದ್ದರೆ ಲಾಭ ಇಷ್ಟು, ಇಲ್ಲದಿದ್ದರೆ ಇಷ್ಟು.
'ಇಂಥವರು' ಅನ್ನುವಾಗ ಅವನ ಕೈಯ ಕೆಂಪು ಚುಕ್ಕೆ
ಗೋಡೆಯ ಮೇಲಿನ ಸ್ಥಾಪಕರ ಹಣೆಗೆ ಹೋಗಿ ಕೂತಿತು.
ಕುಂದಾ ತಿನ್ನುತ್ತ ಡೈರೆಕ್ಟರುಗಳು ತಲೆಯಾಡಿಸಿದರು.
ಆ ಎರಡನೇ ಮಹಡಿಯ ಬಾಡಿಗೆ ಕರಾರಿಗೆ
ಸಾಕ್ಷಿ ಹಾಕುವಾಗ ಪೆನ್ನೇ ಸಿಗದಿದ್ದವರು.

ಮೇಡಂ ಎದ್ದು ದೀಪದ ಸ್ವಿಚ್ಚು ಒತ್ತಿದರು.
ಕಂಬಗಳು ಮಸಕಾದವು.
"ದುಂಡಪ್ಪ ಹೇಳಿದ, ನಾ ಕೇಳಿದೆ. ಅದಕ್ಕ ಇಳದೈತಿ.
ನಾಳೆ ಮತ್ತ ಹನ್ನೊಂದಕ್ಕ ಏರಿದ್ರ
ನಾ ಯಾರ ಜೋಡಿ ಇರಬೇಕಂತ
ನಿಮ್ಮ ಕಂಬಾನ ಕೇಳಬೇಕೇನ್ರೀ?"

ನಾಳೆ ಬಂತು.
ಟ್ರ್ಯಾಕ್ಟರ್ ಕಂಪನಿ ಆರ್ಡರು ನಿಲ್ಲಿಸಿತು, ಕೋಕಿನ ದರ ಏರಿತು.
ರಿಜೆಕ್ಷನ್ ಮೂರು. ನಷ್ಟ ಎಂಬತ್ತು ಲಕ್ಷ.
ಕಂಬ ಹೊತ್ತು ಯಾರೂ ಪುಣೆಯಿಂದ ಬರಲಿಲ್ಲ.
"ನಾವು ಮೊದಲ ಹೇಳಿದ್ವಿಲ್ಲ?" ಅಂದಿತು ಚಹಾದಂಗಡಿ.
ಹಿಂದೆ ಆರು ವರ್ಷ ನಷ್ಟ ಮಾಡಿದ ಅಳಿಯರಾಯರು
ಯಾರ ಮಗ್ಗುಲಲ್ಲಿ ಮಲಗುತ್ತಾರೆಂಬುದು
ಯಾವ ಮೀಟಿಂಗಿನ ಟಿಪ್ಪಣಿಯಲ್ಲೂ ಇಲ್ಲ,
ನಾನೇ ಬರೆದದ್ದು, ನನಗೆ ಗೊತ್ತು.

ಮೇಡಂ ಮೊದಲು ತಮ್ಮ ಪಗಾರ ಕಡಿದುಕೊಂಡರು.
ಲಾಭಕ್ಕೆ ಹಾಕಿದಷ್ಟೇ ಉದ್ದದ ಸಹಿಯನ್ನು
ನಷ್ಟಕ್ಕೂ ಹಾಕಿದರು.

ಅದೇ ವಾರ ವಿಮೆಯ ಫಾರ್ಮುಗಳು ಬಂದವು.
ಅವರದ್ದರಲ್ಲಿ ನಾಮಿನಿ: ರೋಹಿಣಿ ಮುತಗೇಕರ.
ಸಂಬಂಧ: ಗೆಳತಿ.
ಅದರ ಮೇಲೊಂದು ನೇರ ಗೆರೆ ಎಳೆದು
ಮೇಲುಗಡೆ ಬರೆದಿದ್ದರು: ಮನೆಯವರು.
ತಿದ್ದಿದ ಕಡೆ ಸಣ್ಣ ಸಹಿ, ನಿಯಮದ ಪ್ರಕಾರ.

ಎಷ್ಟು ಹೆಂಗಸರ ಬಾಯಲ್ಲಿ ಕೇಳಿದ್ದೇನೆ ಈ ಶಬ್ದ,
ನಮ್ಮ ಮನಿಯವರು ಊರಾಗಿಲ್ಲ,
ನಮ್ಮ ಮನಿಯವರಿಗೆ ಖಾರ ಆಗೂದಿಲ್ಲ.
ಅದರೊಳಗೆ ಗಂಡು ಎಲ್ಲಿದೆ, ಹೆಣ್ಣು ಎಲ್ಲಿದೆ ಎಂದು
ಆ ಮಧ್ಯಾಹ್ನ ಹುಡುಕಿದೆ.
ಬರೀ ಮನೆ ಇತ್ತು.

ಟ್ರೇಯ ತಳದಲ್ಲಿ ನನ್ನ ಫಾರ್ಮು.
ನಾಮಿನಿ: ಸಿದರಾಯ.
ಸಂಬಂಧ: ಚಿಕ್ಕಪ್ಪನ ಮಗ.
ಹತ್ತೊಂಬತ್ತು ವರ್ಷದಿಂದ ಹಾಗೇ ಇದೆ, ಯಾರೂ ಕೇಳಿಲ್ಲ.
ನಮ್ಮಪ್ಪ ಒಬ್ಬನೇ ಮಗ.

ಹೊರಗೆ ದುಂಡಪ್ಪ ಸಣ್ಣ ಸುತ್ತಿಗೆ ಹಿಡಿದು
ಆರಿದ ಕವಚಗಳಿಗೆ ಒಂದೊಂದೇ ಏಟು ಕೊಡುತ್ತ
ಕಿವಿ ವಾರೆ ಮಾಡಿ ನಿಂತಿದ್ದಾನೆ.
ಟಣ್.
ಟಣ್.
ನಾನು ಸ್ಕೇಲು ಹುಡುಕುತ್ತಿದ್ದೇನೆ, ಗೆರೆ ನೇರ ಬರಬೇಕು.